ಡನ್ನನ ಚಿಗಟ, ಡನ್ನನ ಕೈವಾರ: ಪ್ರೇಮಕವಿತೆಯಲ್ಲಿ ರೂಪಕ ವಾದ ಹೂಡುವ ಬಗೆ

17ನೆಯ ಶತಮಾನದ ಇಂಗ್ಲಿಷ್ ಮೆಟಫಿಸಿಕಲ್ ಕವಿಗಳ, ಅಂದರೆ ತತ್ತ್ವ ತರ್ಕಗಳನ್ನು ಕವಿತೆಗೆ ತಂದವರ, ಪ್ರೇಮಕವಿತೆಗಳಲ್ಲಿ ಬರುವ ವಿಚಿತ್ರ ಹೋಲಿಕೆಗಳು ಬರೀ ಚಮತ್ಕಾರವೇ, ಅಥವಾ ಎದುರಿಗಿರುವ ಹೆಣ್ಣನ್ನು ಒಪ್ಪಿಸುವ ಕೆಲಸವನ್ನು ಅವು ನಿಜವಾಗಿಯೂ ಮಾಡುತ್ತವೆಯೇ ಎಂದು ನೀವು ಕೇಳಿದ್ದೀರಿ. ಈ ಕವಿತೆಗಳನ್ನು ನಾನು ಹಲವು ವರ್ಷ ಪದವಿ ತರಗತಿಗಳಿಗೆ ಪಾಠ ಮಾಡಿದ್ದೇನೆ. ಇಲ್ಲಿ ವಾದವನ್ನು ಮೊದಲು ಕಟ್ಟಿ ಆಮೇಲೆ ಅದಕ್ಕೆ ಹೋಲಿಕೆಯ ಒಡವೆ ತೊಡಿಸಿಲ್ಲ. ಹೋಲಿಕೆಯನ್ನು ತೆಗೆದರೆ ವಾದವೇ ಉಳಿಯುವುದಿಲ್ಲ. ನಮ್ಮ ಅಲಂಕಾರಶಾಸ್ತ್ರದಲ್ಲಿ ಕಾವ್ಯಲಿಂಗ ಎಂಬ ಅಲಂಕಾರವೊಂದಿದೆ. ಹೇಳಿದ ಮಾತಿಗೆ ಕಾರಣವನ್ನು ಕಾವ್ಯದ ರೀತಿಯಲ್ಲಿ ಒದಗಿಸುವುದು ಅದರ ಲಕ್ಷಣ. ಜಾನ್ ಡನ್ನನ (1572–1631) ಕವಿತೆಗಳಲ್ಲಿ ರೂಪಕವೇ ಕಾವ್ಯಲಿಂಗವೂ ಆಗಿರುತ್ತದೆ ಎಂದರೆ ಕನ್ನಡದ ಓದುಗರಿಗೆ ವಿಷಯ ಬೇಗ ಹಿಡಿಯುತ್ತದೆ ಎಂಬುದು ನನ್ನ ಅನುಭವ. ಆ ಕಾರಣ ತರ್ಕದ ಒರೆಗೆ ನಿಲ್ಲುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಡನ್ನನ ಚಿಗಟದ ಕವಿತೆಯನ್ನೇ ನೋಡಿ. ಹೆಣ್ಣಿನ ಮೈಮೇಲಿನ ಚಿಗಟವಾಗಿ ಹುಟ್ಟಬಾರದಿತ್ತೇ ಎಂದು ಹಂಬಲಿಸುವ ಕವಿತೆಗಳು ಯೂರೋಪಿನಲ್ಲಿ ಮೊದಲೇ ಬಳಕೆಯಲ್ಲಿದ್ದವು. ಡನ್ ಅದನ್ನು ತಿರುಗಿಸಿದ. ಅವನ ಚಿಗಟ ಮೊದಲು ಅವನನ್ನು ಕಚ್ಚುತ್ತದೆ, ಆಮೇಲೆ ಅವಳನ್ನು. ಇಬ್ಬರ ರಕ್ತವೂ ಅದರ ಹೊಟ್ಟೆಯಲ್ಲಿ ಬೆರೆತಿದೆ, ಇದನ್ನು ಯಾರೂ ಪಾಪವೆನ್ನುವುದಿಲ್ಲ, ನೀನು ನನಗೆ ಕೊಡಲೊಲ್ಲೆ ಎನ್ನುತ್ತಿರುವುದೂ ಇಷ್ಟೇ ಸಣ್ಣದು ಎಂಬುದು ಮೊದಲ ಪದ್ಯದ ವಾದ. ಗಂಡುಹೆಣ್ಣಿನ ಕೂಟದಲ್ಲಿ ರಕ್ತಗಳು ಬೆರೆಯುತ್ತವೆ ಎಂಬ ನಂಬಿಕೆ ಆ ಕಾಲದ ವೈದ್ಯದಲ್ಲಿದ್ದುದರಿಂದ, ಅಂದಿನ ಓದುಗರಿಗೆ ಈ ಮಾತು ನಮಗೆ ಕೇಳಿಸುವಷ್ಟು ಅಸಂಬದ್ಧವಾಗಿ ಕೇಳಿಸಿರಲಾರದು.

ಅವಳು ಚಿಗಟವನ್ನು ಹೊಸಕಲು ಕೈಯೆತ್ತುತ್ತಾಳೆ. ಆಗ ಅದೇ ಚಿಗಟ ದೊಡ್ಡದಾಗಿಬಿಡುತ್ತದೆ. ಅದು ನಾವಿಬ್ಬರೂ ಹೌದು, ನಮ್ಮ ಮದುವೆಯ ಹಾಸಿಗೆ ಹೌದು, ದೇಗುಲವೂ ಹೌದು. ಅದನ್ನು ಕೊಂದರೆ ನನ್ನ ಕೊಲೆ, ನಿನ್ನ ಆತ್ಮಹತ್ಯೆ, ಜೊತೆಗೆ ದೇವದ್ರೋಹ, ಹೀಗೆ ಮೂರು ಪಾಪ ಎಂದು ಅವನು ಲೆಕ್ಕ ಹಾಕುತ್ತಾನೆ. ಅವಳು ಕೇಳುವುದಿಲ್ಲ. ಎರಡನೆಯ ಮತ್ತು ಮೂರನೆಯ ಪದ್ಯಗಳ ನಡುವಿನ ಖಾಲಿ ಜಾಗದಲ್ಲಿ ಚಿಗಟ ಸಾಯುತ್ತದೆ. ಮೂರನೆಯ ಪದ್ಯ ತೆರೆದಾಗ ಅವಳ ಉಗುರು ಕೆಂಪಾಗಿದೆ. ನೋಡು, ನೀನೂ ಸೊರಗಲಿಲ್ಲ, ನಾನೂ ಸೊರಗಲಿಲ್ಲ ಎಂದು ಅವಳು ಗೆದ್ದ ದನಿಯಲ್ಲಿ ಹೇಳುತ್ತಾಳೆ. ಅವನ ವಾದ ಅಲ್ಲಿಗೆ ಮುರಿದುಬೀಳಬೇಕಿತ್ತು. ಆದರೆ ಅವನು ಒಡನೆಯೇ ಒಪ್ಪಿಕೊಂಡು ಬಿಡುತ್ತಾನೆ: ನಿಜ, ಈ ಸಾವಿನಿಂದ ನೀನು ಎಷ್ಟು ಜೀವ ಕಳೆದುಕೊಂಡೆಯೋ, ನನಗೆ ಒಲಿದರೆ ಅಷ್ಟೇ ಮಾನ ಕಳೆದುಕೊಳ್ಳುತ್ತೀಯೆ.

ಇಲ್ಲಿ ಚಿಗಟದ ತೂಕ ಬದಲಾಗುವುದನ್ನು ಗಮನಿಸಿ. ಮೊದಲ ಪದ್ಯದಲ್ಲಿ ಅದು ಲೆಕ್ಕಕ್ಕಿಲ್ಲದ ಹುಳು, ಎರಡನೆಯದರಲ್ಲಿ ದೇಗುಲ, ಮೂರನೆಯದರಲ್ಲಿ ಮತ್ತೆ ಹುಳು. ಒಂದೇ ತಕ್ಕಡಿಯಲ್ಲಿ ಒಂದೇ ವಸ್ತುವನ್ನು ತನಗೆ ಬೇಕಾದಾಗ ಬೇಕಾದಷ್ಟು ತೂಗುವ ಈ ಜಾಣತನಕ್ಕೆ ನಮ್ಮ ನ್ಯಾಯಶಾಸ್ತ್ರದಲ್ಲಿ ಹೇತ್ವಾಭಾಸ, ಅಂದರೆ ಕಾರಣದಂತೆ ತೋರುವ ಆದರೆ ಕಾರಣವಲ್ಲದ್ದು, ಎಂಬ ಹೆಸರಿದೆ. ಡನ್ 1592ರಲ್ಲಿ ಲಂಡನ್ನಿನ ಲಿಂಕನ್ಸ್ ಇನ್ ಸೇರಿ ಕಾನೂನು ಓದಿದವನು, ಆದ್ದರಿಂದ ವಾದದಲ್ಲಿನ ಬಿರುಕು ಅವನಿಗೆ ಕಾಣದೆ ಇರಲಿಲ್ಲ. ಅಷ್ಟೇ ಮುಖ್ಯವಾಗಿ, ಅವನ ಕವಿತೆಗಳು ಅವನ ಜೀವಿತಕಾಲದಲ್ಲಿ ಬಹುಪಾಲು ಹಸ್ತಪ್ರತಿಗಳಲ್ಲೇ ಗೆಳೆಯರ ನಡುವೆ ಓಡಾಡಿದವು. ಸಂಕಲನವಾಗಿ ಅಚ್ಚಾದದ್ದು 1633ರಲ್ಲಿ, ಅವನು ತೀರಿಕೊಂಡ ಎರಡು ವರ್ಷಕ್ಕೆ. ಹೀಗಾಗಿ ಒಪ್ಪಿಸಬೇಕಾದವಳು ಕವಿತೆಯೊಳಗಿನ ಹೆಣ್ಣು, ತಲೆದೂಗಬೇಕಾದವರು ಹೊರಗಿರುವ ಗೆಳೆಯರು ಎಂದು ನಾನು ಓದುತ್ತೇನೆ. ಅವಳು ಒಪ್ಪಿದಳೇ ಎಂಬುದನ್ನು ಕವಿತೆ ಹೇಳುವುದೇ ಇಲ್ಲ. ಒಂದು ಮಾತೂ ನೇರವಾಗಿ ಆಡದ ಆ ಹೆಣ್ಣು ಒಂದು ಉಗುರಿನಿಂದ ಇಡೀ ಎರಡನೆಯ ಪದ್ಯವನ್ನು ಹೊಸಕಿಹಾಕುತ್ತಾಳೆ, ಕವಿತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಅದು.

ಪ್ರೀತಿಯಿಂದ ಮನಸ್ಸು ಗೆಲ್ಲಬೇಕಾದ ಕಡೆ ಡನ್ ತತ್ತ್ವದ ಸೂಕ್ಷ್ಮಗಳಿಂದ ಹೆಂಗಸರ ಬುದ್ಧಿಯನ್ನು ಗೊಂದಲಕ್ಕೆ ಕೆಡವುತ್ತಾನೆ ಎಂದು ಕವಿ, ವಿಮರ್ಶಕ ಡ್ರೈಡನ್ 1693ರಲ್ಲಿ ದೂರಿದ. ಮುಂದೆ ವಿಮರ್ಶಕ ಸ್ಯಾಮ್ಯುಯೆಲ್ ಜಾನ್ಸನ್, ಈ ಕವಿಗಳು ಒಂದಕ್ಕೊಂದು ಸೇರದ ವಿಚಾರಗಳನ್ನು ಬಲವಂತವಾಗಿ ಒಂದೇ ನೊಗಕ್ಕೆ ಕಟ್ಟುತ್ತಾರೆ ಎಂದ. ಚಿಗಟದ ಕವಿತೆಯ ಮಟ್ಟಿಗೆ ಡ್ರೈಡನ್‌ನ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಅದನ್ನು ಡನ್ನನ ಎಲ್ಲ ಪ್ರೇಮಕವಿತೆಗಳಿಗೂ ಹಚ್ಚುವುದು ತಪ್ಪು.

ಇದೇ ಗುಂಪಿನ ಇನ್ನೊಬ್ಬ ಕವಿ ಆಂಡ್ರ್ಯೂ ಮಾರ್ವೆಲ್ (1621–1678) ತನ್ನ ಬಿಗುಮಾನದ ನಲ್ಲೆಗೆ ಬರೆದ ಕವಿತೆಯ ಕಟ್ಟಡ ಇನ್ನೂ ನೇರವಾಗಿದೆ: ಕಾಲ ಬೇಕಾದಷ್ಟು ಇದ್ದಿದ್ದರೆ, ಆದರೆ ಇಲ್ಲ, ಆದ್ದರಿಂದ ಈಗಲೇ. ಮೊದಲ ಭಾಗದಲ್ಲಿ ಅವಳು ಗಂಗೆಯ ದಡದಲ್ಲಿ ಮಾಣಿಕ್ಯ ಆಯುತ್ತಿರುತ್ತಾಳೆ, ಅವನು ತನ್ನೂರಿನ ಹಂಬರ್ ನದಿಯ ಬಳಿ ಕೊರಗುತ್ತಿರುತ್ತಾನೆ; ಅವಳ ಕಣ್ಣು ಹೊಗಳಲು ನೂರು ವರ್ಷ, ಒಂದೊಂದು ಎದೆಗೂ ಇನ್ನೂರು, ಉಳಿದದ್ದಕ್ಕೆ ಮೂವತ್ತು ಸಾವಿರ. ಅಲ್ಲಿ ಬರುವ ವೆಜಿಟಬಲ್ ಪ್ರೇಮ ಎಂಬ ಮಾತನ್ನು ವಿದ್ಯಾರ್ಥಿಗಳು ತರಕಾರಿಗೆ ಜೋಡಿಸುತ್ತಾರೆ. ಅದು ಅರಿಸ್ಟಾಟಲನ ಪರಂಪರೆಯಲ್ಲಿ ಗಿಡಮರಗಳಿಗಿರುವ, ಬೆಳೆಯುವುದಷ್ಟೇ ಬಲ್ಲ ಚೇತನದ ಹೆಸರು. ಆಮೇಲೆ ಬೆನ್ನ ಹಿಂದೆ ಕಾಲದ ರೆಕ್ಕೆಯ ರಥ ಕೇಳಿಸುತ್ತದೆ, ಗೋರಿ ಬರುತ್ತದೆ, ಹುಳುಗಳು ಬರುತ್ತವೆ. ಇದು ಹೆದರಿಸಿ ಒಪ್ಪಿಸುವ ದಾರಿ. ಕುಸುರಿ ನಿಜಕ್ಕೂ ದೊಡ್ಡದು, ಆದರೂ ಅವಳಿಗೆ ಮರುಮಾತಾಡಲು ಒಂದು ಉಗುರಿನಷ್ಟು ಎಡೆಯನ್ನೂ ಮಾರ್ವೆಲ್ ಬಿಟ್ಟಿಲ್ಲ.

ಡನ್ನನ ವಿದಾಯದ ಕವಿತೆಯಲ್ಲಿ, ಅಂದರೆ ಅಳಬೇಡವೆಂದು ಹೇಳಿ ಹೊರಡುವವನ ಕವಿತೆಯಲ್ಲಿ, ರೂಪಕದ ನಡೆಯೇ ಬೇರೆ. ಡನ್ 1601ರಲ್ಲಿ ಆ್ಯನ್ ಮೋರ್‌ಳನ್ನು ಗುಟ್ಟಾಗಿ ಮದುವೆಯಾಗಿ ಕೆಲಸ ಕಳೆದುಕೊಂಡ, ಕೆಲಕಾಲ ಸೆರೆಮನೆಯನ್ನೂ ಕಂಡ. 1611ರಲ್ಲಿ ಫ್ರಾನ್ಸಿಗೆ ಹೊರಟಾಗ ಅವಳಿಗಾಗಿ ಈ ಕವಿತೆ ಬರೆದ ಎಂದು ಅವನ ಜೀವನಚರಿತ್ರೆ ಬರೆದ ಐಸಾಕ್ ವಾಲ್ಟನ್ ಹೇಳುತ್ತಾನೆ. ಕವಿತೆಯೊಳಗೆ ಯಾರ ಹೆಸರೂ ಇಲ್ಲ. ನಮ್ಮಿಬ್ಬರದು ಒಂದೇ ಆತ್ಮ, ಅದು ತುಂಡಾಗುವುದಿಲ್ಲ, ಬಡಿದ ಚಿನ್ನದ ಹಾಳೆಯಂತೆ ಹಿಗ್ಗುತ್ತದೆ ಎಂದು ಅವನು ಮೊದಲು ಹೇಳುತ್ತಾನೆ. ಆಮೇಲೆ, ಒಂದಲ್ಲ ಎರಡೇ ಎಂದರೂ ಸರಿ, ಕೈವಾರದ ಎರಡು ಕಾಲುಗಳ ಹಾಗೆ ಎನ್ನುತ್ತಾನೆ. ಅವಳ ಸಂದೇಹಕ್ಕೆ ಮೊದಲೇ ಜಾಗ ಕೊಟ್ಟಂತಾಯಿತು.

ಒಮ್ಮೆ ಪಾಠಕ್ಕೆ ಮುನ್ನ ಮಗಳ ಜ್ಯಾಮಿತಿ ಪೆಟ್ಟಿಗೆಯಿಂದ ಕೈವಾರ ತೆಗೆದು, ಮೇಜಿನ ಮೇಲೆ ಹಾಳೆ ಹಾಸಿ ಆ ಸಾಲುಗಳನ್ನು ಒಂದೊಂದಾಗಿ ನಡೆಸಿ ನೋಡಿದೆ. ಪೆನ್ಸಿಲಿನ ಕಾಲು ದೂರ ಸರಿದಂತೆ ನಡುವಿನ ಮುಳ್ಳು ಅದರತ್ತ ಬಾಗುತ್ತದೆ, ಹತ್ತಿರ ಬಂದಂತೆ ನೆಟ್ಟಗಾಗುತ್ತದೆ. ಆದರೆ ಕವಿತೆಯ ಕೊನೆಯಲ್ಲಿ ಬರುವ ವೃತ್ತವನ್ನು ಎಳೆಯುವಾಗ ಕಾಲುಗಳ ನಡುವಿನ ಅಂತರ ಬದಲಾಗುವಂತಿಲ್ಲ. ಮನೆಗೆ ಮರಳುವುದು ಒಂದು ಚಲನೆ, ಸುತ್ತು ಮುಗಿಸುವುದು ಇನ್ನೊಂದು. ಡನ್ ಎರಡನ್ನೂ ಒಂದೇ ಉಪಕರಣದಲ್ಲಿ ಬೆರೆಸಿದ್ದಾನೆ. ತರ್ಕಕ್ಕೆ ಇದೂ ಪೂರ್ತಿ ಕೂಡುವುದಿಲ್ಲ. ಆದರೂ ಚಿಗಟ ಸೋತ ಕಡೆ ಕೈವಾರ ನನ್ನನ್ನು ಒಪ್ಪಿಸುತ್ತದೆ. ಚಿಗಟದ ವಾದ ಅವಳು ಕಳೆದುಕೊಳ್ಳುವುದನ್ನು ಚಿಕ್ಕದು ಮಾಡಿ ತೋರಿಸಿತ್ತು. ಕೈವಾರದಲ್ಲಿ ನಡುವೆ ನಿಂತವಳು ಸುಮ್ಮನೆ ಕಾಯುವವಳಲ್ಲ, ಅವಳ ಮುಳ್ಳು ಒಂದಿಷ್ಟು ಜಾರಿದರೂ ಅವನ ಗೆರೆ ಹೊರಟಲ್ಲಿಗೆ ಬಂದು ಸೇರುವುದಿಲ್ಲ. ಅದನ್ನು ಅವನೇ, ಹೊರಡುವವನೇ, ಬಾಯಿಬಿಟ್ಟು ಹೇಳುತ್ತಾನೆ.