ಸರ್ಜನ್ ಒಪ್ಪಿದ ಆಪರೇಷನ್ನನ್ನು ಅನಸ್ತೇಶಿಯಾ ಡಾಕ್ಟರ್ ಮುಂದಕ್ಕೆ ಹಾಕಬಹುದೇ?

ಅಪ್ಪನ ಹರ್ನಿಯಾ ಆಪರೇಷನ್ನಿಗೆ ಸರ್ಜನ್ ದಿನ ಕೊಟ್ಟಿದ್ದರು, ಹೃದಯದ ಡಾಕ್ಟರು ಫಿಟ್‌ನೆಸ್ ಬರೆದಿದ್ದರು, ಆದರೂ ಅನಸ್ತೇಶಿಯಾದವರು ನಾಲ್ಕು ತಿಂಗಳು ಬಿಟ್ಟು ಬನ್ನಿ ಅಂದರು, ಅವರಿಗೆ ಆ ಅಧಿಕಾರ ಇದೆಯೇ ಎಂದು ಕೇಳಿದ್ದೀರಿ.

ಇದೆ. ನಾನೂ ಅರಿವಳಿಕೆ ತಜ್ಞೆ. ಎಂಬಿಬಿಎಸ್ ಆದಮೇಲೆ ಮೂರು ವರ್ಷ ಎಂಡಿ ಓದುವುದು ಮಂಪರು ಇಂಜೆಕ್ಷನ್ ಚುಚ್ಚುವುದನ್ನು ಕಲಿಯಲಿಕ್ಕಷ್ಟೇ ಅಲ್ಲ. ಹೃದಯ, ಶ್ವಾಸಕೋಶ, ಕಿಡ್ನಿ, ಸಕ್ಕರೆ ಕಾಯಿಲೆ ಇರುವ ದೇಹ ಆಪರೇಷನ್ನಿನ ಹೊಡೆತ ತಡೆದೀತೇ ಎಂದು ಅಳೆಯುವುದೇ ನಮ್ಮ ವಿದ್ಯೆ.

ನಿಮ್ಮ ತಂದೆಯವರಿಗೆ ಎರಡು ತಿಂಗಳ ಹಿಂದೆ ಹೃದಯದ ರಕ್ತನಾಳ ತೆರೆದಿಡುವ ಔಷಧ ಲೇಪಿತ ಸ್ಟೆಂಟ್ (ಸಣ್ಣ ಜಾಲರಿ ಕೊಳವೆ) ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಮಾತ್ರೆ ನಡೆಯುತ್ತಿದೆ ಎಂದು ಬರೆದಿದ್ದೀರಿ. ಕಾರಣ ಅಲ್ಲೇ ಇದೆ. ಈಗ ಮಾತ್ರೆ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತ ಆಗಬಹುದು. ನಿಲ್ಲಿಸದೆ, ಕೆಳಭಾಗ ಮರಗಟ್ಟಿಸಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಬೆನ್ನುಹುರಿಯ ಸುತ್ತ ರಕ್ತ ಸೋರಿ, ನರ ಒತ್ತಿ, ಕಾಲಿನ ಶಕ್ತಿಯೇ ಹೋಗಬಹುದು. ಅವಸರವಿಲ್ಲದ ಆಪರೇಷನ್ನಿಗೆ ಸ್ಟೆಂಟ್ ಹಾಕಿ ಆರು ತಿಂಗಳಾದರೂ ಕಳೆಯಲಿ ಎನ್ನುವುದು ಇದಕ್ಕೇ. ಹೃದಯಾಘಾತವಾಗಿ ಹಾಕಿದ ಸ್ಟೆಂಟಾದರೆ ಒಂದು ವರ್ಷವೂ ಕಾಯಿಸುತ್ತೇವೆ. ಹೃದಯದ ಡಾಕ್ಟರ ಚೀಟಿ ನಮಗೆ ಬಹಳ ಬೇಕು, ಆದರೆ ಅದು ಸಲಹೆ. ಟೇಬಲ್ ಮೇಲೆ ಬಿಪಿ ಕುಸಿದಾಗ ರೋಗಿಯ ಉಸಿರು ನಮ್ಮ ಕೈಯಲ್ಲಿರುತ್ತದೆ.

ಹೊಸದರಲ್ಲಿ ನಾನೊಮ್ಮೆ ಒತ್ತಡಕ್ಕೆ ಮಣಿದಿದ್ದೆ. ನೆಗಡಿ, ಕೆಮ್ಮು ಇದ್ದ ಮಗು. "ದೂರದಿಂದ ಬಂದಿದ್ದಾರೆ, ಮಾಡಿಬಿಡಿ" ಅಂದರು. ಮಂಪರು ಹತ್ತುವಾಗಲೇ ಗಂಟಲು ಬಿಗಿದುಕೊಂಡು ಆಕ್ಸಿಜನ್ ಇಳಿಯತೊಡಗಿತು. ಮಗು ಉಳಿಯಿತು. ಆದರೆ ಆ ನೀಲಿ ತುಟಿ ಇಂದಿಗೂ ಕಣ್ಣ ಮುಂದಿದೆ. ಅಂದಿನಿಂದ ಬೇಡ ಅನ್ನಬೇಕಾದಲ್ಲಿ ಬೇಡ ಅಂದೇ ಅನ್ನುತ್ತೇನೆ.

ಆಪರೇಷನ್ ಬೇಕೇ ಬೇಡವೇ ಎನ್ನುವುದು ಮಾತ್ರ ಸರ್ಜನ್ನರ ಮಾತು. ಹರ್ನಿಯಾ ಸಿಕ್ಕಿಕೊಂಡು, ಗಟ್ಟಿಯಾಗಿ, ನೋವು, ವಾಂತಿ ಶುರುವಾದರೆ ಯಾರೂ ನಾಲ್ಕು ತಿಂಗಳು ಎಣಿಸುವುದಿಲ್ಲ, ಅರ್ಧರಾತ್ರಿಯಾದರೂ ಕರೆತನ್ನಿ. ಇನ್ನೊಂದು: ಏಕೆ, ಎಲ್ಲಿಯವರೆಗೆ ಎಂದು ಬಿಡಿಸಿ ಹೇಳುವುದು ಆ ವೈದ್ಯರ ಕರ್ತವ್ಯ. ಬರಿದೇ "ಆಗಲ್ಲ" ಎಂದು ಹೋಗಿದ್ದರೆ ಅದು ತಪ್ಪು, ಸರ್ಜನ್ ಇರುವಾಗಲೇ ಕೂತು ಕೇಳಿ. ಅಲ್ಲಿಯವರೆಗೆ ಅಪ್ಪನ ಎರಡೂ ಮಾತ್ರೆ ಒಂದು ದಿನವೂ ತಪ್ಪದಿರಲಿ.