ಚಾಂದನಿ ಚೌಕದಲ್ಲಿ ಹೆದರಬೇಕಾದ್ದು ಯಾರಿಗೆ?

ಹಾಸನದ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ (ಹೆಸರು ಹಾಕಬೇಡಿ ಎಂದಿದ್ದಾರೆ): "ಜನವರಿಯಲ್ಲಿ ನಾನೂ ತಂಗಿಯೂ ದಿಲ್ಲಿಗೆ ಹೊರಟಿದ್ದೇವೆ. ಹಳೇ ದಿಲ್ಲಿ ನೋಡುವ ಆಸೆ ಬಹಳ ದಿನದ್ದು. ಹೆಜ್ಜೆಗೊಬ್ಬ ಜೇಬುಗಳ್ಳ ಇರುತ್ತಾನೆ, ಹೆಂಗಸರಿಬ್ಬರೇ ಕಾಲಿಡಬೇಡಿ ಎಂದು ನೆಂಟರು ಹೆದರಿಸುತ್ತಿದ್ದಾರೆ. ನಮ್ಮ ಹಿಂದಿಯೂ ಅಷ್ಟಕ್ಕಷ್ಟೇ. ಏನು ಮಾಡೋಣ?"

ಸಂಪಾದಕರ ಉತ್ತರ:

ಧಾರಾಳವಾಗಿ ಹೋಗಿಬನ್ನಿ ಮೇಡಂ. ನೆಂಟರ ಮಾತು ಪೂರ್ತಿ ಸುಳ್ಳೇನಲ್ಲ, ಆದರೆ ಹುಷಾರಾಗಿರಬೇಕಾದ್ದು ಗಲ್ಲಿ ತಲುಪುವುದಕ್ಕೂ ಮೊದಲೇ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ಹೊಸದಿಲ್ಲಿ ನಿಲ್ದಾಣದಲ್ಲಿ ಇಳಿಯುತ್ತೀರಿ ಅನ್ನಿ. ಮೈಕೈ ನೋವು, ಕೈಯಲ್ಲಿ ಲಗೇಜು. ಆಗ ಒಬ್ಬ ಬಹಳ ನಯವಾಗಿ ಹತ್ತಿರ ಬಂದು, "ನಿಮ್ಮ ಹೋಟೆಲು ಮುಚ್ಚಿಬಿಟ್ಟಿದೆ", "ಆ ಕಡೆ ಗಲಾಟೆ, ರಸ್ತೆ ಬಂದ್", "ಟಿಕೆಟ್ ಕೌಂಟರ್ ಇಲ್ಲಿಲ್ಲ, ಬನ್ನಿ ತೋರಿಸ್ತೀನಿ" ಎನ್ನುತ್ತಾನೆ. ಅವನು ಕರೆದೊಯ್ಯುವುದು ತನಗೆ ಕಮಿಷನ್ ಸಿಗುವ ಟ್ರಾವೆಲ್ ಅಂಗಡಿಗೆ. ನಿಲ್ಲಬೇಡಿ. ಹೋಟೆಲಿಗೆ ನೀವೇ ಫೋನ್ ಮಾಡಿ. ದಾರಿ ಕೇಳಲೇಬೇಕಾದರೆ ನೀವಾಗಿ ಆರಿಸಿಕೊಂಡವರನ್ನು ಕೇಳಿ, ತಾನಾಗಿ ಬಂದವನನ್ನು ಬೇಡ.

ಹಳೇ ದಿಲ್ಲಿಯ ಚಾಂದನಿ ಚೌಕಕ್ಕೆ ಮೆಟ್ರೋದಲ್ಲೇ ಹೋಗಿ. ನೇರಳೆ ಮಾರ್ಗದ ಲಾಲ್ ಕಿಲಾ ನಿಲ್ದಾಣದಲ್ಲಿ ಇಳಿದರೆ ಕೆಂಪು ಕೋಟೆ ಎದುರಿಗೇ. ರೈಲಿನ ಮೊದಲ ಬೋಗಿ ಹೆಂಗಸರದು. ಹಾಗಂತ ಅಲ್ಲಿ ಮೈಮರೆಯಬೇಡಿ, ಜೇಬುಗಳ್ಳಿಯರೂ ಇದ್ದಾರೆ. ನನ್ನ ಫೋನು ಹೋದದ್ದು ಯಾವ ಕತ್ತಲ ಗಲ್ಲಿಯಲ್ಲೂ ಅಲ್ಲ, ರೈಲು ಹತ್ತುವ ನೂಕುನುಗ್ಗಲಲ್ಲಿ, ಹಿಂದಿನ ಜೇಬಿನಿಂದ. ಬ್ಯಾಗು ಎದೆಯ ಮೇಲಿರಲಿ, ಸರ ಹಾಸನದಲ್ಲೇ ಇರಲಿ.

ಕೋಟೆಗೆ ಸೋಮವಾರ ರಜೆ. ಭಾನುವಾರ ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ. ಶುಕ್ರವಾರ ಮಧ್ಯಾಹ್ನ ಜಾಮಾ ಮಸೀದಿಯಲ್ಲಿ ನಮಾಜಿನ ಜನ.

2021ರಲ್ಲಿ ಚಾಂದನಿ ಚೌಕದ ಮುಖ್ಯರಸ್ತೆಯನ್ನು ಹೊಸದಾಗಿ ಕಟ್ಟಿದ ಮೇಲೆ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನ ಬಿಡಬಾರದೆಂಬ ನಿಯಮವಿದೆ. ಇರುವುದು ಸೈಕಲ್ ರಿಕ್ಷಾ. ಹತ್ತುವ ಮೊದಲೇ ಮೂರು ಪ್ರಶ್ನೆ: ದುಡ್ಡು ಇಬ್ಬರಿಗೂ ಸೇರಿಯೋ, ಹೋಗಿಬರಲೋ, ಕಾಯಲೂ ಸೇರಿಯೋ? ನಮ್ಮ ಕಿವಿಗೆ ಪಚ್ಚೀಸೂ ಪಚಾಸೂ ಒಂದೇ ಥರ ಕೇಳಿಸುತ್ತವೆ. ಮೊದಲನೆಯದು 25, ಎರಡನೆಯದು 50. ನಾನಂತೂ ಬೆರಳಲ್ಲಿ ತೋರಿಸಿ ಖಾತ್ರಿ ಮಾಡಿಕೊಳ್ಳುತ್ತೇನೆ, ನಾಚಿಕೆ ಏನಿಲ್ಲ.

ರಸ್ತೆಯ ಪಶ್ಚಿಮ ತುದಿಯಲ್ಲಿ ಫತೇಪುರಿ ಮಸೀದಿ, ಅದರಾಚೆ ಮಸಾಲೆ ಪೇಟೆಯಾದ ಖಾರಿ ಬಾವ್ಲಿ. ಅಲ್ಲಿ ಕಳ್ಳನಿಗಿಂತ ಕೈಗಾಡಿಯ ಭಯವೇ ಹೆಚ್ಚು. ಮೂಟೆ ಹೇರಿಕೊಂಡು ಇಳಿಜಾರಲ್ಲಿ ಬರುವವನಿಗೆ ಗಾಡಿ ನಿಲ್ಲಿಸಲಾಗದು. ಹಿಂದಿನಿಂದ ಕೂಗು ಕೇಳಿದರೆ ತಿರುಗಿ ನೋಡುತ್ತ ನಿಲ್ಲದೆ ಗೋಡೆ ಹಿಡಿಯಿರಿ. ಒಣಮೆಣಸಿನಕಾಯಿಯ ಘಾಟಿಗೆ ಕೂಲಿಯವರೇ ಕೆಮ್ಮುತ್ತಾರೆ. ನಿಮ್ಮಲ್ಲಿ ಯಾರಿಗಾದರೂ ಉಬ್ಬಸವಿದ್ದರೆ ಮೆಣಸಿನಕಾಯಿಯ ಗಡೋಡಿಯಾ ಮಾರ್ಕೆಟ್ಟನ್ನು ಬಿಟ್ಟೇಬಿಡಿ. ಜನವರಿಯ ದಿಲ್ಲಿ ಗಾಳಿ ಮೊದಲೇ ಕೆಟ್ಟದ್ದು.

ಸುಸ್ತಾದರೆ ಶೀಶ್ ಗಂಜ್ ಗುರುದ್ವಾರಕ್ಕೆ ಹೋಗಿ. 1675ರಲ್ಲಿ ಸಿಖ್ಖರ ಗುರು ತೇಗ್ ಬಹಾದೂರರು ಹುತಾತ್ಮರಾದ ಜಾಗ. ತಲೆಗೆ ಸೆರಗು ಹೊದ್ದು ಒಳಗೆ ಹೋದರೆ ಎಷ್ಟು ಹೊತ್ತು ಕೂತರೂ ಯಾರೂ ಕೇಳುವುದಿಲ್ಲ. ನೀರು, ಊಟ, ಚಪ್ಪಲಿ ಕಾಯುವವರು ಎಲ್ಲವೂ ಇದೆ. ಗುಂಪಿನಲ್ಲಿ ಅಕ್ಕತಂಗಿಯರು ಬೇರೆಯಾದರೆ ಸೇರುವ ಜಾಗವೂ ಅದೇ ಎಂದು ಬೆಳಿಗ್ಗೆಯೇ ಮಾತಾಡಿಕೊಳ್ಳಿ. ತುರ್ತಿಗೆ 112.

ಮತ್ತೆ, ಖಾರಿ ಬಾವ್ಲಿಯಲ್ಲಿ ಅಂಗಡಿಯವನು ಎಷ್ಟೇ ಹೊಗಳಿದರೂ ಏಲಕ್ಕಿ ಮಾತ್ರ ಕೊಳ್ಳಬೇಡಿ. ಸಕಲೇಶಪುರ ನಿಮಗೆ ಅಷ್ಟು ಹತ್ತಿರದಲ್ಲಿದೆ.