ಕಾಡಾನೆಗಳನ್ನು ಒಂದೊಂದಾಗಿ ಗುರುತು ಹಿಡಿಯೋಕೆ ನಿಜವಾಗಲೂ ಆಗುತ್ತಾ?

ಆಗುತ್ತೆ. "ಎಲ್ಲ ಆನೆನೂ ಒಂದೇ ಥರ ಕಾಣುತ್ತಲ್ಲ, ಗುಣ ಸ್ವಭಾವ ಎಲ್ಲ ನೋಡುವವರ ಕಲ್ಪನೆ ಅಲ್ವಾ?" ಅಂತ ಕೇಳಿದ್ದೀರಿ. ಮೊದಲ ಎರಡು ವರ್ಷ ನನಗೂ ಅವೆಲ್ಲ ಒಂದೇ ಥರ ಕಾಣುತ್ತಿದ್ದವು.

ನಾನು ವಿಜ್ಞಾನಿ ಅಲ್ಲ, ಮೈಸೂರಿನಲ್ಲಿ ಮೇಷ್ಟ್ರು. 13 ವರ್ಷದಿಂದ ಬೇಸಿಗೆ ರಜೆ ಬಂತೆಂದರೆ ಕಬಿನಿ ಹಿನ್ನೀರಿಗೆ ಹೋಗುತ್ತೇನೆ. ಏಪ್ರಿಲ್, ಮೇ ಹೊತ್ತಿಗೆ ನೀರು ಇಳಿದ ಜಾಗದಲ್ಲಿ ಹಸಿ ಹುಲ್ಲು ಬರುತ್ತದೆ. ನಾಗರಹೊಳೆ, ಬಂಡೀಪುರ ಎರಡೂ ಕಡೆಯ ಆನೆಗಳು ಅಲ್ಲಿಗೆ ಇಳಿಯುತ್ತವೆ. ಬಯಲಲ್ಲಿ ಮೇಯುವಾಗ ಗಂಟೆಗಟ್ಟಲೆ ನೋಡಬಹುದು.

ಮೊದಲು ಕಿವಿ ನೋಡಿ. ಅಂಚು ಎಲ್ಲಿ ಹರಿದಿದೆ, ತೂತು ಇದೆಯಾ, ಮೇಲಿನ ಅಂಚು ಎಷ್ಟು ಮಡಚಿದೆ. ಆಮೇಲೆ ಬಾಲದ ಉದ್ದ, ತುದಿಯ ಕೂದಲು. ನಮ್ಮ ಹೆಣ್ಣಾನೆಗಳಿಗೆ ಉದ್ದ ದಂತ ಇರೋದಿಲ್ಲ, ಹಾಗಾಗಿ ಕಿವಿ, ಬಾಲಗಳೇ ಮುಖ್ಯ. ಸಲಗಗಳಾದರೆ ದಂತದ ಬಾಗು ನೋಡಿದರೆ ಸಾಕು. 2022ರ ಜೂನ್‌ನಲ್ಲಿ ತೀರಿಕೊಂಡ ಭೋಗೇಶ್ವರನನ್ನು ಒಮ್ಮೆ ನೋಡಿದವರು ಮರೆತಿರಲಾರರು. ಸುಮಾರು 60 ವರ್ಷದ ಆನೆ. ಎರಡೂವರೆ ಮೀಟರ್‌ನಷ್ಟು ಉದ್ದದ ದಂತ, ತುದಿ ನೆಲಕ್ಕೆ ತಾಗುವ ಹಾಗಿತ್ತು.

ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಎಡಗಿವಿ ಅರ್ಧಚಂದ್ರದ ಹಾಗೆ ಹರಿದ ಒಂದು ಹೆಣ್ಣಾನೆ, ಬಲಗಿವಿಯಲ್ಲಿ ತೂತಿರುವ ಇನ್ನೊಂದು ಅಂತ ಪುಸ್ತಕದಲ್ಲಿ ಎರಡು ಪುಟ ಬರೆದಿಟ್ಟಿದ್ದೆ. ಮೂರನೇ ಬೇಸಿಗೆಯಲ್ಲಿ ಆಕೆ ಎದುರಿಗೇ ತಿರುಗಿ ನಿಂತಾಗ ಗೊತ್ತಾಯಿತು, ಎರಡೂ ಒಬ್ಬಳೇ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಹುಲಿ ಎಣಿಸಲು ದಾರಿಯ ಎರಡೂ ಬದಿ ಕ್ಯಾಮೆರಾ ಕಟ್ಟಿಸಿದ್ದು ಯಾಕೆ ಅಂತ ಅವತ್ತು ನನಗೆ ಸರಿಯಾಗಿ ಅರ್ಥವಾಯಿತು. ಹುಲಿಯ ಎಡಮೈ ಪಟ್ಟೆಯೇ ಬೇರೆ, ಬಲಮೈ ಪಟ್ಟೆಯೇ ಬೇರೆ.

ಅವಳಿಗೆ ಹರಕಿವಿ ಅಂತ ಹೆಸರಿಟ್ಟೆ. ಆದರೆ ಗುರುತು ಸಿಕ್ಕ ಮಾತ್ರಕ್ಕೆ ಪರಿಚಯ ಆದ ಹಾಗಲ್ಲ. ಕಲ್ಪನೆ ಅಲ್ವಾ ಅನ್ನುವ ನಿಮ್ಮ ಅನುಮಾನಕ್ಕೆ ನಾನು ಕಂಡುಕೊಂಡ ದಾರಿ ಇಷ್ಟೇ: ಪುಸ್ತಕದಲ್ಲಿ "ಕೋಪ ಬಂತು" ಅಂತ ಬರೆಯೋದಿಲ್ಲ. "ಕಿವಿ ಅಗಲಿಸಿ ಎರಡು ಹೆಜ್ಜೆ ಮುಂದೆ ಬಂದಳು, ಜೀಪು ಆಫ್ ಆದ ಮೇಲೆ ಮೇಯತೊಡಗಿದಳು" ಅಂತ ಬರೆಯುತ್ತೇನೆ. ಇದೇ ಸಾಲನ್ನು ಆರು ಬೇಸಿಗೆ ಬರೆದೆ. ಅವಳ ಮಗಳು ಮೊಂಡುಬಾಲ ಅದೇ ಜೀಪು ಕಂಡರೆ ಮರಿ ಕರೆದುಕೊಂಡು ನೇರ ಕಾಡಿಗೆ ನಡೆಯುತ್ತಿದ್ದಳು. ಒಂದೇ ಗುಂಪು, ತಾಯಿ ಮಗಳು, ಆದರೂ ಅಷ್ಟು ವ್ಯತ್ಯಾಸ. ಇದು ನನ್ನ ಕಲ್ಪನೆಯಾಗಿದ್ದರೆ ವರ್ಷ ವರ್ಷ ಬದಲಾಗುತ್ತಿತ್ತು, ಅಲ್ವಾ?

ಒಂಬತ್ತನೇ ಬೇಸಿಗೆಯಲ್ಲಿ ಹರಕಿವಿ ಜೀಪಿನ ಕಡೆ ತಿರುಗಲೇ ಇಲ್ಲ. ಅವತ್ತು ಮೊದಲ ಸಲ ನೋಡಿದವರಿಗೆ ಅದೊಂದು ಸಾಧು ಆನೆ. ನನಗೆ ಮಾತ್ರ ಹೊಟ್ಟೆಯಲ್ಲಿ ಸಂಕಟವಾಯಿತು. ಕಪೋಲ ಗುಳಿ ಬಿದ್ದಿತ್ತು, ಗುಂಪಿನಿಂದ ಹಿಂದೆ ಉಳಿಯುತ್ತಿದ್ದಳು. ಮುಂದಿನ ವರ್ಷ ಗುಂಪು ಬಂತು, ಅವಳು ಬರಲಿಲ್ಲ.

ಕೀನ್ಯಾದ ಅಂಬೋಸೆಲಿಯಲ್ಲಿ ಸಿಂಥಿಯಾ ಮಾಸ್ 1972ರಲ್ಲಿ ಶುರು ಮಾಡಿದ ಆನೆಗಳ ಅಧ್ಯಯನ ಇನ್ನೂ ನಡೆಯುತ್ತಿದೆ. ಅಲ್ಲಿ ಮರಿಯಾಗಿದ್ದಾಗ ದಾಖಲಾದವರು ಅಜ್ಜಿಯರಾಗಿದ್ದಾರೆ. ನನ್ನ 13 ಬೇಸಿಗೆ ಅದರ ಮುಂದೆ ತುಂಬ ಚಿಕ್ಕದು.

ಶುರು ಮಾಡಲು ಕಾಡಿಗೇ ಹೋಗಬೇಕಿಲ್ಲ. ನಿಮ್ಮೂರ ಬೆಟ್ಟದಲ್ಲೋ ದೇವಸ್ಥಾನದ ಹತ್ತಿರವೋ ಕೋತಿಗಳಿದ್ದರೆ ಸಾಕು. ತಿನ್ನಲು ಏನೂ ಕೊಡಬೇಡಿ, ಸುಮ್ನೆ ದೂರ ಕೂತು ಮುಖ ನೋಡಿ. ಮೊದಲಿಗೆ ಒಂದೇ ತಾಯಿಕೋತಿಯನ್ನು ಆರಿಸಿಕೊಳ್ಳಿ. ಗಂಡುಗಳು ಬೇರೆ ಗುಂಪಿಗೆ ಹೋಗಿಬಿಡುತ್ತವೆ, ಹೆಣ್ಣುಗಳು ಸಾಮಾನ್ಯವಾಗಿ ಹುಟ್ಟಿದ ಗುಂಪಲ್ಲೇ ಉಳಿಯುತ್ತವೆ. ಮುಂದಿನ ವರ್ಷ ಹೋದಾಗಲೂ ಅವಳು ಅಲ್ಲೇ ಸಿಗಬಹುದು.